ಮೀನು ತೊಳೆಯಬಾರದೆಂಬ ನಿಯಮ

ನಮ್ಮ ಕಟ್ಟಡದ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು ಆ ಸಭೆಗೆ ಹೋಗದೇ ಇದ್ದದ್ದರಿಂದ. ಹೋದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಾರದವನ ಹೆಸರು ಸೂಚಿಸಿ, ಅನುಮೋದಿಸಿ, ಚಹಾ ಕುಡಿದು ಎದ್ದಿದ್ದರು. ಅಂದಿನಿಂದ ಲಿಫ್ಟು ಕೆಟ್ಟರೂ, ಮೆಟ್ಟಿಲ ಬಲ್ಬು ಹೋದರೂ, ಮೂರನೇ ಮಹಡಿಯ ಮಗು ನಾಲ್ಕನೇ ಮಹಡಿಯವರ ಚಪ್ಪಲಿ ಎಸೆದರೂ ಜನ ನನ್ನ ಬಾಗಿಲನ್ನೇ ಬಡಿಯುತ್ತಾರೆ. ಹಾಗಾಗಿ ಕಾರವಾರದಲ್ಲಿ ನೀರಿಗೆ ಕಷ್ಟ ಬಂದ ಆ ಬೇಸಿಗೆಯಲ್ಲಿ ನೋಟೀಸು ಬರೆಯುವ ಭಾಗ್ಯವೂ ನನ್ನ ಪಾಲಿಗೇ ಬಂತು.

ಕಾರವಾರದಲ್ಲಿ ಬರ ಎಂದರೆ ಬಯಲುಸೀಮೆಯಿಂದ ವರ್ಗವಾಗಿ ಬಂದ ನನ್ನ ಸಹೋದ್ಯೋಗಿಗಳು ನಗುತ್ತಾರೆ. ಅವರು ನಗುವುದರಲ್ಲಿ ತಪ್ಪೇನಿಲ್ಲ. ಮಳೆಗಾಲ ಶುರುವಾಯಿತೆಂದರೆ ನಮ್ಮಲ್ಲಿ ಗೋಡೆಗೆ ಹಾವಸೆ, ಚಪ್ಪಲಿಗೆ ಬೂಸ್ಟು, ಒಗೆದ ಬಟ್ಟೆಗೆ ವಾರಗಟ್ಟಲೆ ಒಣಗದ ವಾಸನೆ. ಬಿದ್ದ ನೀರನ್ನೆಲ್ಲ ಗಟಾರದ ದಾರಿಯಲ್ಲಿ ಸಮುದ್ರಕ್ಕೆ ಬೀಳ್ಕೊಟ್ಟು, ಗಣಪತಿ ಹಬ್ಬ ಮಾಡಿ, ದೀಪಾವಳಿ ಮಾಡಿ, ಏಪ್ರಿಲ್ ಬಂದ ಕೂಡಲೇ ನಾವು ಆಕಾಶ ನೋಡಿ ನಿಟ್ಟುಸಿರು ಬಿಡುತ್ತೇವೆ. ನಮ್ಮ ನಲ್ಲಿಗೆ ನೀರು ಬರುವುದು ಅಂಕೋಲೆ ಕಡೆಯ ಗಂಗಾವಳಿಯಿಂದ. ಆ ವರ್ಷ ಹೊಳೆ ಸೊರಗಿ, ಸಮುದ್ರ ಉಬ್ಬುವ ಭರತದ ಹೊತ್ತಿಗೆ ಉಪ್ಪುನೀರು ಮಂಜಗುಣಿ ದಾಟಿ ಮೇಲೆ ಮೇಲೆ ಏರುತ್ತಿದೆ ಎಂಬ ಸುದ್ದಿ ಬಂತು. ಅದರ ಬೆನ್ನಿಗೇ ಊರಿಗೆಲ್ಲ ನಿಯಮಗಳೂ ಬಂದವು. ನೀರು ವಾರಕ್ಕೆರಡು ಸಲ ಮಾತ್ರ. ವಾಹನ ತೊಳೆಯುವಂತಿಲ್ಲ, ಗಿಡಗಳಿಗೆ ಪೈಪು ಹಿಡಿಯುವಂತಿಲ್ಲ, ಪ್ರತಿ ಕಟ್ಟಡದವರೂ ತಮ್ಮ ತಮ್ಮಲ್ಲಿ ಸಭೆ ಸೇರಿ ನೀರು ಉಳಿಸುವ ಕ್ರಮ ಕೈಗೊಳ್ಳಬೇಕು.

ನಮ್ಮ ಅಧ್ಯಕ್ಷರಿಗೆ ಸಭೆ ಎಂದರೆ ಹಬ್ಬ. ಮೂಲತಃ ಘಟ್ಟದ ಮೇಲಿನವರು. ಮಲ್ಲಾಪುರದ ಅಣುಸ್ಥಾವರದ ಕ್ವಾರ್ಟರ್ಸಿನಲ್ಲಿ ನೌಕರಿಯ ಕಾಲವನ್ನೆಲ್ಲ ಕಳೆದು, ನಿವೃತ್ತಿಯಾದ ಮೇಲೆ ಸಮುದ್ರ ಕಾಣುವ ಮನೆ ಬೇಕೆಂದು ಇಲ್ಲಿಗೆ ಬಂದವರು. ಇಲ್ಲಿಯ ಪ್ರತಿಯೊಂದಕ್ಕೂ ಅವರ ಬಳಿ ಮಲ್ಲಾಪುರದ ಉದಾಹರಣೆಯಿತ್ತು. ಮಲ್ಲಾಪುರದಲ್ಲಿ ಕಸ ಹೀಗೆ ಬೀಳುತ್ತಿರಲಿಲ್ಲ, ಮಲ್ಲಾಪುರದಲ್ಲಿ ನಾಯಿ ಹೀಗೆ ಬೊಗಳುತ್ತಿರಲಿಲ್ಲ. ಅವರ ಹೆಂಡತಿ ಮಾತ್ರ ಮಲ್ಲಾಪುರದ ಬಗ್ಗೆಯಾಗಲಿ, ಬೇರೆ ಯಾವುದರ ಬಗ್ಗೆಯಾಗಲಿ ಒಂದು ಮಾತೂ ಆಡಿದ್ದನ್ನು ನಾವು ಕೇಳಿರಲಿಲ್ಲ.

ಸಭೆ ತಾರಸಿಯ ಮೇಲೆ ಸೇರಿತು. ಮೊದಲು ಕಾರು ತೊಳೆಯುವ ವಿಷಯ ಬಂತು. ಎರಡನೇ ಮಹಡಿಯ ಡಾಕ್ಟರು ಎದ್ದು ನಿಂತರು.

"ಧೂಳು ಕೂತ್ರೆ ಪೇಂಟ್ ಹಾಳಾಗ್ತದೆ ರಾ. ಒದ್ದೆ ಬಟ್ಟೇಲಿ ಒರೆಸ್ಬಹುದು ಅಂತ ಬರೀರಿ."

ಒದ್ದೆ ಬಟ್ಟೆ ಎಂದು ಬರೆದೆ. ಆ ಬಟ್ಟೆಯನ್ನು ಎಷ್ಟು ಸಲ ಒದ್ದೆ ಮಾಡಬಹುದು ಎಂದು ಯಾರೂ ಕೇಳಲಿಲ್ಲ. ಬಟ್ಟೆ ತೊಳೆಯುವ ಯಂತ್ರ ಇಲ್ಲದವರು ಯಂತ್ರ ಬಂದ್ ಮಾಡಬೇಕೆಂದರು. ಮಕ್ಕಳಿಲ್ಲದವರು ಮಕ್ಕಳಿಗೆ ದಿನಕ್ಕೆ ಒಂದೇ ಸ್ನಾನ ಸಾಕೆಂದರು. ಹೂಕುಂಡಗಳಿಲ್ಲದವರು ಹೂಕುಂಡಗಳ ಮೇಲೆ ಬಿದ್ದರು. ಪ್ರತಿಯೊಬ್ಬರೂ ಇನ್ನೊಬ್ಬರ ಮನೆಯ ನೀರನ್ನು ಉಳಿಸಲು ಎಷ್ಟು ಉತ್ಸಾಹ ತೋರಿಸಿದರೆಂದರೆ, ಆ ಉತ್ಸಾಹವನ್ನೇ ಟಾಂಕಿಗೆ ತುಂಬುವಂತಿದ್ದರೆ ಮಳೆಗಾಲದವರೆಗೆ ಚಿಂತೆ ಇರುತ್ತಿರಲಿಲ್ಲ.

ಕೊನೆಗೆ ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು. "ನಾನು ಒಂದು ವಿಷಯ ಗಮನಿಸಿದ್ದೇನೆ. ಯಾರೂ ಬೇಜಾರು ಮಾಡಿಕೊಳ್ಳಬಾರದು. ಈ ಮೀನು ತೊಳೆಯುವುದಕ್ಕೆ ಬಹಳ ನೀರು ಹೋಗುತ್ತದೆ. ಮಳೆ ಬರುವವರೆಗೆ ಕಟ್ಟಡದಲ್ಲಿ ಮೀನು ತೊಳೆಯುವುದನ್ನು ನಿಲ್ಲಿಸಿದರೆ ಹೇಗೆ?"

ಅಲ್ಲಿದ್ದವರಲ್ಲಿ ಹೆಚ್ಚಿನವರು ಮಧ್ಯಾಹ್ನ ಬಂಗಡೆ ತಿಂದು ಬಂದವರು. ಆದರೆ ನೀರಿನ ಸಮಸ್ಯೆ ದೇಶದ ಸಮಸ್ಯೆಯಂತೆ ಕಾಣುವಾಗ, ಸಭೆಯಲ್ಲಿ ಎದ್ದು ನಿಂತು ನನಗೆ ಮೀನು ಬೇಕು ಎನ್ನಲು ಎಲ್ಲರಿಗೂ ನಾಚಿಕೆಯಾಯಿತು. ಡಾಕ್ಟರು ಮೊಬೈಲು ನೋಡಿಕೊಂಡರು. ನಾನು ಪೆನ್ನಿನ ಮುಚ್ಚಳ ನೋಡಿಕೊಂಡೆ. ಯಾರೂ ಬೇಡವೆನ್ನದ ಕಾರಣ ನಿಯಮ ಸರ್ವಾನುಮತದಿಂದ ಪಾಸಾಯಿತು.

ನೋಟೀಸು ಬರೆದು ಲಿಫ್ಟಿನ ಪಕ್ಕ ಅಂಟಿಸಿ ಮನೆಗೆ ಬಂದರೆ, ಆಯಿ ಅಡುಗೆಮನೆಯ ನೆಲದಲ್ಲಿ ಈಳಿಗೆಮಣೆ ಹಾಕಿಕೊಂಡು ತಾರ್ಲೆ ಮೀನು ಹಸನು ಮಾಡುತ್ತಿದ್ದಳು. ನನ್ನ ತಾಯಿ ಅಂಕೋಲೆಯ ಕೇಣಿಯವಳು. ಅವಳ ಅಪ್ಪ, ಅಣ್ಣಂದಿರು ಎಲ್ಲ ದೋಣಿಗೆ ಹೋದವರು. ಮದುವೆಯಾಗಿ ಬಂದ ಮೇಲೂ ಮೀನಿಲ್ಲದ ಊಟವನ್ನು ಅವಳು ಊಟವೆಂದು ಒಪ್ಪಿದ್ದು ಸೋಮವಾರ ಮಾತ್ರ, ಅದೂ ದೇವರ ಮೇಲಿನ ಮರ್ಯಾದೆಗೆ.

"ಎಂತ ಬರ್ದು ಹಚ್ಚಿ ಬಂದ್ಯೋ ಕೆಳಗೆ?"

"ಕಟ್ಟಡದಲ್ಲಿ ಮೀನು ತೊಳೂಕಾಗ ಅಂತ, ಆಯಿ."

"ಯಾರಿಗೆ?"

"ಎಲ್ಲರಿಗೂ. ಅಧ್ಯಕ್ಷರೇ ಹೇಳಿದ್ದು."

ಅವಳು ಕೈ ನಿಲ್ಲಿಸಿದಳು. "ಅವ್ರ ಮನೇಲಿ ಯಾವಾಗ ಮೀನು ತೊಳ್ದಿದ್ರು, ಈಗ ಬಿಡೂಕೆ?"

ನಾನು ನೀರು, ಬರ, ಹೊಳೆ, ಜವಾಬ್ದಾರಿ ಎಂದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಹರಿವೆ ಸೊಪ್ಪಿನ ಮಣ್ಣು ಹೋಗೂಕೆ ನಾಕು ನೀರು ಬೇಕು. ಮೀನಿಗೆ ಮೂರು ಸಾಕು. ಸೊಪ್ಪು ತಿನ್ನೂಕಾಗ ಅಂತ ಬರೀಲಿಲ್ವ ನೀ?"

ಅದು ಸಭೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೇಳುವವರು ಇರಲಿಲ್ಲ. ಪ್ರತಿದಿನ ಬೆಳಿಗ್ಗೆ ಕೆಳಗಿನ ಮಹಡಿಯ ಅಧ್ಯಕ್ಷರ ಮನೆಯ ಬಚ್ಚಲಿನ ನೀರು ಪೈಪಿನೊಳಗೆ ಧಾರಾಳವಾಗಿ ಇಳಿಯುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ತಲೆಸ್ನಾನ, ಮಡಿ ಸೀರೆ, ದೇವರ ಪಾತ್ರೆ, ಹೊಸ್ತಿಲು. ದೇವರ ನೀರಿಗೆ ಲೆಕ್ಕ ಕೇಳುವ ಧೈರ್ಯ ನಮ್ಮ ತಾರಸಿಯ ಮೇಲೆ ಯಾರಿಗೂ ಇರಲಿಲ್ಲ. ಮೀನಿನ ನೀರಿಗೆ ಕೇಳುವುದು ಸುಲಭ. ಮೀನು ತಿನ್ನುವವನಿಗೆ ಮೊದಲೇ ಸ್ವಲ್ಪ ಸಂಕೋಚ ಕಲಿಸಿಟ್ಟಿರುತ್ತಾರೆ.

ಮರುದಿನ ಆಯಿ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಂಗಡೆ, ಕಂಕುಳಲ್ಲಿ ಈಳಿಗೆಮಣೆ ಇಟ್ಟುಕೊಂಡು ಹೊರಟಳು.

"ಎಲ್ಲಿಗೆ?"

"ಸಮುದ್ರದ್ದು ಸಮುದ್ರದಲ್ಲೇ ತೊಳ್ಕಂಡು ಬತ್ತೆ. ಅಲ್ಲಿ ಅಧ್ಯಕ್ಷರು ಇಲ್ವಲ್ಲ."

ಹೆದ್ದಾರಿ ದಾಟಿ, ಗಾಳಿಮರಗಳ ನಡುವೆ ಇಳಿದರೆ ನೀರು. ಅವಳು ತೆರೆ ಬಂದು ಮುಟ್ಟುವ ಜಾಗ ನೋಡಿ ಕುಳಿತು, ಹೆರೆದು, ಕೊಯ್ದು, ತೊಳೆದು ಬಂದಳು. ವಾರ ಕಳೆಯುವುದರೊಳಗೆ ಡಾಕ್ಟರ ಹೆಂಡತಿಯೂ ಸ್ಟೀಲಿನ ಡಬ್ಬಿ ಹಿಡಿದು ಹಿಂದೆಯೇ ಹೊರಟರು. ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಮೂರನೇ ಮಹಡಿಯಾಕೆ, ಆಮೇಲೆ ನನ್ನ ಹೆಂಡತಿ. ವರ್ಷಗಟ್ಟಲೆ ಲಿಫ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಅಂಕಿಗಳನ್ನೇ ನೋಡುತ್ತ ನಿಂತವರು ಈಗ ಸಾಲಾಗಿ ಕುಳಿತು ಶೆಟ್ಲಿ ಸಿಗಡಿಯ ಸಿಪ್ಪೆ ಬಿಡಿಸುತ್ತ, ಗಂಡಂದಿರ ಸಿಪ್ಪೆಯನ್ನೂ ಬಿಡಿಸುತ್ತಿದ್ದರು. ಮೇಲೆ ಗಿಡುಗಗಳು, ಪಕ್ಕದಲ್ಲಿ ನಾಯಿಗಳು. ಒಂದು ದಿನ ಪರವೂರಿನ ಜೋಡಿಯೊಂದು ಫೋಟೋ ಹೊಡೆಯುತ್ತ, ಇದು ಇಲ್ಲಿಯ ಸಂಪ್ರದಾಯವೇ ಎಂದು ಕೇಳಿತಂತೆ. ಡಾಕ್ಟರ ಹೆಂಡತಿ ಗಂಭೀರವಾಗಿ, "ಹೌದು, ಹಿಂದಿನಿಂದ್ಲೂ ಉಂಟು," ಎಂದರಂತೆ.

ಅಧ್ಯಕ್ಷರಿಗೆ ಇದರಿಂದ ನೆಮ್ಮದಿ ಸಿಗಬೇಕಿತ್ತು. ನೀರು ಉಳಿದಿತ್ತಲ್ಲ. ಆದರೆ ಅವರು ನನ್ನನ್ನು ಕರೆದು, ಲಿಫ್ಟಿನಲ್ಲಿ ಮರಳು ಬೀಳುತ್ತಿದೆ, ವಾಸನೆ ಬರುತ್ತಿದೆ, ಮೀನು ಹಿಡಿದವರು ಮೆಟ್ಟಿಲು ಹತ್ತಬೇಕು ಎಂದು ಬರೆಯಿರಿ ಎಂದರು.

"ಸರ್, ಇದಕ್ಕೂ ನೀರಿಗೂ ಏನು ಸಂಬಂಧ?" ಎಂದೆ.

"ಲಿಫ್ಟು ತೊಳೆಯಲು ನೀರು ಬೇಡವೇ?" ಎಂದರು.

ಬರೆದೆ. ಆಯಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಪ್ರತಿ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುವಾಗ, ಬುಟ್ಟಿಯನ್ನು ಅಲ್ಲಿಯವರ ಬಾಗಿಲ ಮುಂದೆಯೇ ಇಡುತ್ತಿದ್ದಳು. ಅಧ್ಯಕ್ಷರ ಬಾಗಿಲ ಮುಂದೆ ಅವಳಿಗೆ ಉಸಿರು ಸ್ವಲ್ಪ ಹೆಚ್ಚು ಕಟ್ಟುತ್ತಿತ್ತು.

ಇಷ್ಟರಲ್ಲಿ ನಲ್ಲಿಯೇ ನಿಂತುಹೋಯಿತು. ವಾರಕ್ಕೆರಡು ಸಲ ಬರುತ್ತಿದ್ದ ನೀರು ಒಮ್ಮೆ ಉಪ್ಪಾಗಿ ಬಂತು, ಆಮೇಲೆ ಬರಲೇ ಇಲ್ಲ. ಟ್ಯಾಂಕರ್ ಕರೆಸಿದೆವು. ಅದು ಬಂದ ಸದ್ದು ಕೇಳಿದ್ದೇ, ಸಭೆಯಲ್ಲಿ ನೀರು ಉಳಿಸಿದ ಮಹನೀಯರೆಲ್ಲ ಮನೆಯಲ್ಲಿದ್ದ ಬಕೆಟ್ಟು, ಕುಕ್ಕರು, ಮಗುವಿನ ಟಬ್ಬು ಎಲ್ಲ ಹಿಡಿದು ಇಳಿದರು. ಡಾಕ್ಟರೂ ಮೂರನೇ ಮಹಡಿಯವರೂ ಒಂದೇ ಪೈಪನ್ನು ಎರಡು ಕಡೆಯಿಂದ ಎಳೆದು, ಅರ್ಧ ನೀರನ್ನು ಅಂಗಳಕ್ಕೆ ಕುಡಿಸಿದರು.

ನಾನು ಕಾರಿನಲ್ಲಿ ಕ್ಯಾನುಗಳನ್ನು ತುಂಬಿಕೊಂಡು, ಆಯಿಯನ್ನು ಕೂರಿಸಿಕೊಂಡು ಕೇಣಿಗೆ ಹೋದೆ. ಸೋದರಮಾವನ ಮನೆಯ ಬಾವಿ ಸಮುದ್ರದ ದಂಡೆಯಿಂದ ದೂರವೇನಿಲ್ಲ, ಆದರೂ ನೀರು ಸಿಹಿ. ಮಾಮಿ ತಾನೇ ಸೇದಿ ಕ್ಯಾನಿಗೆ ಸುರಿಯುತ್ತ ಕೇಳಿದಳು.

"ಕಾರವಾರದಲ್ಲಿ ಮಳೆ ಬೀಳೂದಿಲ್ಲನೊ ಮಗಾ?"

"ಬೀಳ್ತದೆ ಮಾಮಿ."

"ನಿಮ್ಮ ಬಿಲ್ಡಿಂಗಿಗೆ ಬಾವಿ ಇಲ್ಲನೊ?"

"ಇದೆ."

"ಮತ್ತೆ?"

ನಾನು ಕ್ಯಾನಿನ ಮುಚ್ಚಳ ತಿರುಗಿಸತೊಡಗಿದೆ. ಆಯಿ ಸುಮ್ಮನಿರಲಿಲ್ಲ. "ಅದ್ರ ಮೇಲೆ ಕಾರು ನಿಲ್ಸಿಕಂಡಿದ್ರು," ಎಂದಳು.

ಮಾಮಿ ಹಗ್ಗ ಬಿಟ್ಟು ನಕ್ಕಳು. ಕೊಡಪಾನ ಗಡಗಡ ಇಳಿದು ಬಾವಿಗೆ ಬಿದ್ದ ಸದ್ದೂ ಅವಳ ನಗುವಿನ ಜೊತೆ ಸೇರಿಕೊಂಡಿತು.

ಅದು ಗುಟ್ಟೇನೂ ಆಗಿರಲಿಲ್ಲ. ನಮ್ಮ ಕಟ್ಟಡ ಎದ್ದದ್ದು ಹಳೆಯ ಹೆಂಚಿನ ಮನೆಯೊಂದರ ಜಾಗದಲ್ಲಿ. ಆ ಮನೆಯ ಬಾವಿಯ ಬಾಯಿಗೆ ಕಟ್ಟಿದವರು ಕಾಂಕ್ರೀಟು ಹಲಗೆ ಮುಚ್ಚಿ, ಹಳದಿ ಗೆರೆ ಎಳೆದು, ಕಾರಿನ ಜಾಗ ಎಂದು ಮಾರಿದ್ದರು. ಅಧ್ಯಕ್ಷರ ಕಾರು, ಡಾಕ್ಟರ ಕಾರು, ನನ್ನ ಕಾರು, ಮೂರೂ ಅದರ ಮೇಲೂ ಸುತ್ತಲೂ ನಿಲ್ಲುತ್ತಿದ್ದವು. ನೀರಿಲ್ಲದೆ ಬೇಕಾದರೆ ಇರುತ್ತೇವೆ, ನೆರಳಿಲ್ಲದ ರಸ್ತೆಯಲ್ಲಿ ಕಾರು ನಿಲ್ಲಿಸಲಾರೆವು ಎಂಬ ಒಮ್ಮತ ನಮ್ಮ ನಡುವೆ ಮಾತಿಲ್ಲದೆಯೇ ಏರ್ಪಟ್ಟಿತ್ತು. ಮೀನು, ಹೂಕುಂಡ, ಮಕ್ಕಳ ಸ್ನಾನ ಎಲ್ಲ ಚರ್ಚೆಗೆ ಬಂದರೂ ಬಾವಿ ಒಮ್ಮೆಯೂ ಬಾರದಿದ್ದದ್ದು ಅದಕ್ಕೇ.

ಮುಂದಿನ ಸಭೆಗೆ ಆಯಿ ಕರೆಯದೆಯೇ ಬಂದು, ತಾರಸಿಯ ಕಟ್ಟೆಯ ಮೇಲೆ ಕುಳಿತಳು. ಟ್ಯಾಂಕರಿನವರು ಇನ್ನು ಬರಲಾಗದು ಎಂದಿದ್ದಾರೆ ಎಂದು ಅಧ್ಯಕ್ಷರು ವಿವರಿಸುತ್ತಿದ್ದರು. ಮಲ್ಲಾಪುರದಲ್ಲಿ ಇಂಥ ಪರಿಸ್ಥಿತಿಯೇ ಬರುತ್ತಿರಲಿಲ್ಲ ಎಂದರು.

"ಹೌದ್ರಾ," ಎಂದಳು ಆಯಿ. "ಅಲ್ಲಿ ಬಾವಿ ಮೇಲೆ ಕಾರು ನಿಲ್ಸ್ತಿರ್ಲಿಲ್ಲ ಕಾಣ್ತದೆ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅಧ್ಯಕ್ಷರು ನನ್ನನ್ನು ನೋಡಿದರು. ನಾನು ಸಮುದ್ರ ನೋಡಿದೆ.

"ಅಮ್ಮಾ, ಅದು ಅಷ್ಟು ಸುಲಭ ಅಲ್ಲ. ಸುರಕ್ಷತೆ ಇದೆ, ಪಾರ್ಕಿಂಗ್ ಇದೆ..."

"ಮೀನು ಬಿಡೂದು ಸುಲಭ, ಕಾರು ಸರ್ಸೂದು ಕಷ್ಟ. ಹಂಗೇ ಬರ್ದು ಹಚ್ಚೂಕೆ ಹೇಳಿ ನನ್ನ ಮಗಂಗೆ. ಅಂವ ಎಂತ ಹೇಳಿದ್ರೂ ಬರೀತ."

ಈ ಸಲ ಡಾಕ್ಟರ ಹೆಂಡತಿ ಎದ್ದು, "ಬಾವಿ ತೆಗೀರಿ," ಎಂದರು. ಬ್ಯಾಂಕಿನಾಕೆ ಕೈ ಎತ್ತಿದರು. ದಂಡೆಯ ಮೇಲೆ ಸಾಲಾಗಿ ಕುಳಿತಿರುತ್ತಿದ್ದ ಹೆಂಗಸರೆಲ್ಲ ಕೈ ಎತ್ತಿದರು. ಡಾಕ್ಟರು ಹೆಂಡತಿಯ ಕೈಯನ್ನು ಒಮ್ಮೆ, ತಮ್ಮ ಕಾರಿನ ಕೀಲಿಯನ್ನು ಒಮ್ಮೆ ನೋಡಿ, ತಾವೂ ಅರ್ಧ ಎತ್ತಿದರು.

ಹಲಗೆ ಒಡೆಯುವ ದಿನ ಮೂರು ಕಾರುಗಳನ್ನೂ ರಸ್ತೆಗೆ ಸಾಗಿಸಿದೆವು. ಡಾಕ್ಟರು ತಮ್ಮ ಕಾರಿಗೆ ಹೊದಿಕೆ ಹೊದಿಸಿ, ಸುತ್ತ ಒಂದು ಸುತ್ತು ಬಂದು, ಭಾರವಾದ ಮನಸ್ಸಿನಿಂದ ಒಳಗೆ ಬಂದರು. ಅಧ್ಯಕ್ಷರು ತೆಂಗಿನಕಾಯಿ ಒಡೆದು ಭಾಷಣ ಮಾಡಿದರು. ಬಾವಿ ತೆರೆಯುವ ಆಲೋಚನೆ ಸಂಘಕ್ಕೆ ಬಹಳ ಕಾಲದಿಂದ ಇತ್ತು ಎಂದರು. ಒಳಗೆ ಇಳಿದವರು ಒಡೆದ ಹೆಂಚು, ಪೇಂಟಿನ ಡಬ್ಬಿ, ಸಿಮೆಂಟಿನ ಚೀಲ ಎಲ್ಲ ಮೇಲೆ ಕಳಿಸಿದರು. ಕೊಳೆನೀರು ಎತ್ತಿ ಹೊರಗೆ ಚೆಲ್ಲಿದ ಮೇಲೆ, ಕೆಂಪುಕಲ್ಲಿನ ಗೋಡೆಯ ಸಂದಿಯಿಂದ ಹೊಸ ನೀರು ಬರತೊಡಗಿತು. ಎಲ್ಲರೂ ಬಗ್ಗಿ ನೋಡಿದರು. ಇಷ್ಟು ದಿನ ನಾವು ಟ್ಯಾಂಕರಿಗೆ ಕಾಯುತ್ತಿದ್ದದ್ದು ಇದರ ಮೇಲೆಯೇ ನಿಂತುಕೊಂಡು.

ನೀರು ಸಿಕ್ಕ ಮೇಲೆ ನಿಯಮ ಬೇಡವೇ? ಅಧ್ಯಕ್ಷರು ಮಾರನೆಯ ದಿನವೇ ಬಂದು, ಮೀನು ಮುಟ್ಟಿದ ಕೈಯಲ್ಲಿ ಬಾವಿಯ ಹಗ್ಗ ಮುಟ್ಟಬಾರದು, ಮಡಿ ನೀರಿಗೆ ಬೆಳಗಿನ ಹೊತ್ತು ಪ್ರತ್ಯೇಕ ಎಂದು ಬರೆಯಲು ಹೇಳಿದರು. ನನಗೆ ಅದನ್ನು ಬರೆಯುವ ಮನಸ್ಸಿರಲಿಲ್ಲ. ಬರೆಯುವುದಿಲ್ಲ ಎನ್ನುವ ಗಟ್ಟಿತನವೂ ಇರಲಿಲ್ಲ. ಕಂಪ್ಯೂಟರ್ ಕೆಟ್ಟಿದೆ ಎಂದೆ.

ಅದು ರಿಪೇರಿಯಾಗುವುದರೊಳಗೆ ಆರೋಗ್ಯ ಕಾರ್ಯಕರ್ತೆಯೊಬ್ಬಳು ಬಂದಳು. ತೆರೆದ ಬಾವಿ ಎಲ್ಲಿದೆಯೆಂದು ಕೇಳಿ, ನೇರ ಹೋಗಿ, ಚೀಲದಿಂದ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಬಾವಿಯೊಳಗೆ ಸುರಿದಳು. ಪಕ್ಕದಲ್ಲೇ ಇದ್ದ ಅಧ್ಯಕ್ಷರು ಬೆಚ್ಚಿದರು.

"ಏನಮ್ಮಾ ಅದು?"

"ಗಪ್ಪಿ ಮೀನು ಸರ್."

"ಮೀನಾ? ಬಾವಿಗೆ?"

"ಸೊಳ್ಳೆ ಮರಿ ತಿಂತದೆ ಸರ್. ಡೆಂಗ್ಯೂ ಬರೂದಿಲ್ಲ."

"ಅಲ್ಲಮ್ಮಾ, ನಾವು ಅದನ್ನು ದೇವರಿಗೆ..."

"ನಿಯಮ ಸರ್," ಎಂದು ಹೇಳಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅವಳು ಮುಂದಿನ ಕಟ್ಟಡಕ್ಕೆ ಹೋದಳು.

ನಿಯಮ ಎಂಬ ಶಬ್ದದ ಮುಂದೆ ಅಧ್ಯಕ್ಷರು ಮಾತಿಲ್ಲದೆ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. ಈ ಸುದ್ದಿ ಅವಳು ಗೇಟು ದಾಟುವ ಮೊದಲೇ ನಾಲ್ಕನೇ ಮಹಡಿಯ ನಮ್ಮ ಮನೆ ಮುಟ್ಟಿತು. ಆಯಿ ಬಾಲ್ಕನಿಯಲ್ಲಿ ಕೂತು ಕಣ್ಣೀರು ಬರುವಷ್ಟು ನಕ್ಕಳು.

ಮರುದಿನ ಬೆಳಿಗ್ಗೆ ಅಧ್ಯಕ್ಷರ ಹೆಂಡತಿ ಏನು ಮಾಡುತ್ತಾರೆಂದು ನೋಡಲು ಎಲ್ಲ ಬಾಲ್ಕನಿಗಳಲ್ಲೂ ಬಟ್ಟೆ ಒಣಹಾಕುವ ನೆಪವಿತ್ತು. ಅವರು ಒದ್ದೆ ಸೀರೆಯಲ್ಲಿ, ತಾಮ್ರದ ಕೊಡಪಾನ ಹಿಡಿದು ಇಳಿದು ಬಂದರು. ಹಿಂದೆ ಅಧ್ಯಕ್ಷರು.

"ಬೇಡ ಕಣೆ, ಅದರಲ್ಲಿ ಮೀನಿದೆ," ಎಂದರು ಅವರು ತಗ್ಗಿದ ದನಿಯಲ್ಲಿ.

ಆಕೆ ಬಾವಿಯೊಳಗೆ ಬಗ್ಗಿ ನೋಡಿದರು.

"ನಮ್ಮೂರ ಹೊಳೆಯಲ್ಲಿ ಮೀನಿರಲಿಲ್ವಾ? ನಿಮ್ಮಮ್ಮ ಅದರಲ್ಲೇ ಮಿಂದು ಬಂದು ದೀಪ ಹಚ್ಚುತ್ತಿದ್ದರು. ಅವರ ದೇವರು ಎಲ್ಲೂ ಓಡಿಹೋಗಲಿಲ್ಲ," ಎಂದರು. ನಾವೆಲ್ಲ ಮೂಗರೆಂದೇ ತಿಳಿದಿದ್ದ ಹೆಂಗಸಿನ ದನಿ ನಾಲ್ಕನೇ ಮಹಡಿಯವರೆಗೂ ಸ್ಪಷ್ಟವಾಗಿ ಕೇಳಿತು.

ಅವರಿಗೆ ಸೇದಿ ರೂಢಿ ತಪ್ಪಿತ್ತು. ಕೊಡಪಾನ ಗೋಡೆಗೆ ಬಡಿದು ಬಡಿದು ಅರ್ಧ ನೀರೂ ಮೇಲೆ ಬರಲಿಲ್ಲ. ಅಷ್ಟರಲ್ಲಿ ಆಯಿ ಕೆಳಗಿಳಿದು ಹೋಗಿದ್ದಳು. ಹತ್ತಿರ ಹೋಗಿ ಒಂದು ಕ್ಷಣ ತನ್ನ ಕೈ ನೋಡಿಕೊಂಡು ನಿಂತಳು.

"ಮುಟ್ಲ್ರಾ ಹಗ್ಗ? ರಾತ್ರಿ ನೊಗ್ಲಿ ಮೀನು ಹಸನು ಮಾಡಿದ ಕೈ."

"ಮುಟ್ಟಿ ಅಕ್ಕಾ. ನನ್ನ ಕೈ ಉರೀತಿದೆ," ಎಂದರು ಆಕೆ.

ಇಬ್ಬರೂ ಸೇರಿ ಎಳೆದರು. ಅಧ್ಯಕ್ಷರು ಪೇಪರ್ ಬಂತೇ ನೋಡುತ್ತೇನೆ ಎಂದು ಗೇಟಿನ ಕಡೆ ಹೋದರು.

ಮೀನಿನ ನಿಯಮ ಯಾವ ಸಭೆಯಲ್ಲೂ ರದ್ದಾಗಲಿಲ್ಲ. ಅದರ ಮೇಲೆ ಯಾರೋ ಟ್ಯೂಷನ್ ಜಾಹೀರಾತು ಅಂಟಿಸಿದರು, ಅಷ್ಟೆ. ಆಯಿ ಮತ್ತೆ ಲಿಫ್ಟು ಹತ್ತಿದಳು. ದಂಡೆಗೆ ಹೋಗುವುದನ್ನು ಮಾತ್ರ ಹೆಂಗಸರು ಬಿಡಲಿಲ್ಲ, ಮನೆಯಲ್ಲಿ ಅಷ್ಟು ಮಾತು ಹುಟ್ಟುವುದಿಲ್ಲವೆಂದು.

ಆಮೇಲೆ ಮಳೆ ಬಂತು. ಕಾರವಾರದ ಮಳೆಗೆ ಅರ್ಧಂಬರ್ಧ ಬರುವುದು ಗೊತ್ತಿಲ್ಲ. ಎರಡೇ ವಾರದಲ್ಲಿ ಬಾವಿ ಕೈಗೆಟುಕುವಷ್ಟು ತುಂಬಿತು, ಜನರ ನೆನಪು ಅಷ್ಟೇ ವೇಗದಲ್ಲಿ ಖಾಲಿಯಾಯಿತು. ತಾರಸಿಯ ನೀರನ್ನು ಬಾವಿಗೆ ಇಳಿಸುವ ಬಗ್ಗೆ ಕರೆದ ಸಭೆಗೆ ಬಂದವರು ನಾನು, ಡಾಕ್ಟರ ಹೆಂಡತಿ ಮತ್ತು ಕೊಡೆ ಮರೆತಿದ್ದೇನೆಂದು ಹುಡುಕಿ ಬಂದ ಒಬ್ಬರು. ಬಾವಿ ಮುಚ್ಚುವ ಬಗ್ಗೆ ಕರೆದ ಸಭೆಗೆ ಇಡೀ ಕಟ್ಟಡವೇ ಬಂತು. ಮಕ್ಕಳ ಸುರಕ್ಷತೆ ಎಂದು ಡಾಕ್ಟರು ಬಹಳ ಕಳಕಳಿಯಿಂದ ಮಾತಾಡಿದರು. ಅವರ ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು.

ಮತ್ತೆ ಹಲಗೆ ಬಿತ್ತು. ಆದರೆ ಈ ಸಲ ಅದರ ನಡುವೆ ಒಂದು ಕೊಡಪಾನ ಇಳಿಯುವಷ್ಟು ಬಾಯಿ ಬಿಡಿಸಿ, ಅದಕ್ಕೊಂದು ಕಬ್ಬಿಣದ ಮುಚ್ಚಳ ಹಾಕಿಸಿದ್ದಾರೆ. ಬಿಡಿಸಿದ್ದು ಅಧ್ಯಕ್ಷರ ಹೆಂಡತಿಯ ಹಟ. ಹಾಗಾಗಿ ಈಗ ದಿನಾ ಬೆಳಿಗ್ಗೆ ಅಧ್ಯಕ್ಷರು ಪಂಚೆಯಲ್ಲೇ ಇಳಿದು ಬಂದು, ಮುಚ್ಚಳದ ಮೇಲೆ ನಿಂತ ತಮ್ಮ ಕಾರನ್ನು ಹಿಂದಕ್ಕೆ ತೆಗೆಯುತ್ತಾರೆ. ಅವರ ಹೆಂಡತಿಯೂ ನನ್ನ ತಾಯಿಯೂ ಮುಚ್ಚಳ ಸರಿಸಿ ನೀರು ಸೇದುತ್ತಾರೆ, ಅವಸರವಿಲ್ಲದೆ, ಸೊಸೆಯರ ವಿಷಯ ಮಾತಾಡುತ್ತ. ಇಬ್ಬರ ಮಾತು ಮುಗಿಯುವವರೆಗೆ ಅಧ್ಯಕ್ಷರು ಎಂಜಿನ್ ಚಾಲೂ ಇಟ್ಟುಕೊಂಡು, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು, ಒಳಗೇ ಕಾಯುತ್ತಾರೆ.